ಮೇಲಿನ ಮನೆಯ ಸಿಳ್ಳೆ

ಜರ್ಸಿ ಸಿಟಿಯಲ್ಲಿ ನನ್ನ ಮೇಲಿನ ಮನೆಯಲ್ಲಿದ್ದ ಅಜ್ಜಿ ಸ್ಪೇನಿನ ಲಾ ಗೊಮೇರಾ ಎಂಬ ಪುಟ್ಟ ದ್ವೀಪದವರು. ಅಲ್ಲಿ ಈ ಬೆಟ್ಟದವರು ಆ ಬೆಟ್ಟದವರೊಂದಿಗೆ ಸಿಳ್ಳೆಯಲ್ಲೇ ಮಾತಾಡುತ್ತಾರೆ. ಮಂಜು ಕವಿದ ಬೆಳಗುಗಳಲ್ಲಿ ಅಜ್ಜಿ ಕಿಟಕಿ ತೆರೆದು, ಬೆರಳು ಮಡಚಿ ಬಾಯಿಗಿಟ್ಟು, ನದಿಯಾಚೆಗೆ ಯಾರನ್ನೋ ಕರೆಯುತ್ತಿದ್ದರು. ಆಮೇಲೆ ಕೆಳಗಿನ ಕಿಟಕಿಯಲ್ಲಿದ್ದ ನನ್ನತ್ತ ಬಗ್ಗುವರು.

"ಕೇಳಿಸ್ತಾ? ಕೇಳಿಸಿದ್ರೆ ಉತ್ತರ ಕೊಡಬೇಕು, ಮಗಳೇ. ಇಲ್ಲಾಂದ್ರೆ ಕರೆದವರು ಕಾಯ್ತಾನೇ ಇರ್ತಾರೆ."

"ಹೆಣ್ಮಕ್ಳು ಸಿಳ್ಳೆ ಹೊಡೀಬಾರ್ದು ಅಂತಾಳೆ ನಮ್ಮಮ್ಮ."

"ಅವಳನ್ನ ನಮ್ಮ ಬೆಟ್ಟಕ್ಕೆ ಕಳಿಸು. ಸಿಳ್ಳೆ ಇಲ್ದೆ ಆಡು ಕರೀಲಿ, ನೋಡ್ತೀನಿ!"

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗಳು ನಾನು, ದುಡಿಯುತ್ತಲೇ ಓದಿದವಳು. ಸಮಾರಂಭಕ್ಕೆ ಬರಲು ಅಮ್ಮನಿಗೆ ವೀಸಾ ಸಿಗಲಿಲ್ಲ. ನನ್ನ ಹೆಸರು ಕೂಗುವಾಗ ನನ್ನವರೆಂದು ಅಲ್ಲಿ ಯಾರಾದರೂ ಇರಲಿ ಎಂದು ಅಜ್ಜಿಯನ್ನು ಕರೆದೊಯ್ದೆ. ವಿಡಿಯೊ ಕಾಲ್‌ನಲ್ಲಿದ್ದ ಅಮ್ಮನನ್ನು ಅವರ ಕೈಗೇ ಕೊಟ್ಟೆ.

ವೇದಿಕೆ ಹತ್ತಿದೆ. ಹಿಂದಿನ ಸಾಲಿನಿಂದ ನನ್ನ ಹೆಸರು ಸಿಳ್ಳೆಯಾಗಿ ಎದ್ದು, ಕನಸಿನಲ್ಲಿ ಯಾರೋ ಕರೆದ ಹಾಗೆ, ಸಾವಿರ ತಲೆಗಳ ಮೇಲೆ ತೇಲಿ ಬಂತು. ಕಪ್ಪು ಗೌನಿನ ತೋಳು ಸರಿಸಿ ನಾನೂ ಬೆರಳು ಬಾಯಿಗಿಟ್ಟೆ. ಬಂದದ್ದು ಮುಕ್ಕಾಲು ಗಾಳಿ.

ಇಳಿದು ಬಂದಾಗ ಅಜ್ಜಿ ನಗುತ್ತಾ ಫೋನು ಚಾಚಿದರು. ಬೈಗುಳಕ್ಕೆ ಸಿದ್ಧಳಾಗಿಯೇ ಕಿವಿಗಿಟ್ಟೆ.

"ಸರಿಯಾಗಿ ಕೇಳಿಸ್ಲಿಲ್ಲ ಕಣೇ," ಎಂದಳು ಅಮ್ಮ, "ಇನ್ನೊಂದ್ಸಲ ಹೊಡಿ."