ಖಾರದ ಗಿರಣಿಯ ಜೇನಿನ ಬಾಟಲಿ

ಶಹಾಪುರದ ಬಜಾರಿನ ಹಿಂದಿನ ಓಣಿಯಲ್ಲಿ ಖಾರ ಕುಟ್ಟುವ ಗಿರಣಿ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಮೂಗಿದ್ದವರು ತಾವೇ ಹೋಗಿ ಮುಟ್ಟುತ್ತಾರೆ. ಓಣಿಯ ತಿರುವಿನಲ್ಲಿ ಒಂದು ಸೀನು, ಬಾಗಿಲ ಹತ್ತಿರ ಎರಡು, ಒಳಗೆ ಕಾಲಿಟ್ಟರೆ ಕಣ್ಣು ಮೂಗು ಎರಡೂ ಸೋರಲು ಶುರು. ಆ ಘಾಟಿನ ನಡುವೆ ಇಪ್ಪತ್ತೆರಡು ವರ್ಷ ನಿಂತವಳು ಹತ್ತಿರದ ಗೋಗಿ ಊರಿನ ಗೊಲ್ಲಾಳಮ್ಮ. ಬೆಳಿಗ್ಗೆ ಎಂಟರ ಆಟೋಕ್ಕೆ ಬರುತ್ತಾಳೆ, ಸೆರಗಿನಿಂದ ಮೂಗು ಬಾಯಿ ಬಿಗಿದುಕೊಂಡು ಬಟನ್ ಒತ್ತುತ್ತಾಳೆ. ಕಬ್ಬಿಣದ ಒನಕೆಗಳು ಧಡಧಡ ಎದ್ದು ಬೀಳತೊಡಗಿದರೆ ಸಂಜೆಯವರೆಗೆ ಅವಳ ಮಾತು ಯಾರಿಗೂ ಕೇಳಿಸುವುದಿಲ್ಲ. ಕೇಳಿಸುವುದು ಕೆಮ್ಮೊಂದೇ. ಅದನ್ನೂ ಜನ ಮಷಿನಿನ ಸಪ್ಪಳದ ಜೊತೆಗೇ ಸೇರಿಸಿಬಿಟ್ಟಿದ್ದರು.

ಮಷಿನಿನ ಹಿಂದಿನ ಗೂಡಿನಲ್ಲಿ ಒಂದು ಜೇನಿನ ಬಾಟಲಿ ಇರುತ್ತಿತ್ತು. ಮೊದಲ ವರ್ಷ, ಮೆಣಸಿನಕಾಯಿ ತಂದ ಒಬ್ಬ ಬಸುರಿ ಹೆಂಗಸು ಘಾಟಿಗೆ ಉಸಿರು ಕಟ್ಟಿ ಕೂತಾಗ ಗೊಲ್ಲಾಳಮ್ಮ ತನ್ನ ಬುತ್ತಿಯ ಗಂಟಿನಲ್ಲಿದ್ದ ಜೇನನ್ನು ಬೆರಳಿಗೆ ಹಚ್ಚಿ ನೆಕ್ಕಿಸಿದಳು. ಅಂದಿನಿಂದ ಅದೇ ರೂಢಿಯಾಯಿತು. ಖಾರ ಕುಟ್ಟಿಸಲು ಬಂದವರು ಹೋಗುವಾಗ ಅಂಗೈ ಚಾಚುತ್ತಾರೆ, ಇವಳು ಒಂದು ಹನಿ ಬಿಡುತ್ತಾಳೆ. ವನದುರ್ಗದ ಕಡೆ ಕುರಿ ಕಾಯುವ ದೇವಿಂದ್ರ ವರ್ಷಕ್ಕೆ ಎರಡು ಸಲ ಬಾಟಲಿ ತುಂಬಿ ತಂದುಕೊಡುತ್ತಿದ್ದ, ಇವಳು ಅವನ ಮನೆಯ ಖಾರ ಕುಟ್ಟಿಕೊಡುತ್ತಿದ್ದಳು. ಗಿರಣಿಯ ಸಾವ್ಕಾರ ವಿಶ್ವರಾಧ್ಯ ಇದನ್ನೆಲ್ಲ ಕಂಡೂ ಕಾಣದಂತೆ ಇದ್ದರು. ಜೇನಿನಿಂದಾಗಿ ಗಿರಾಕಿ ಹೆಚ್ಚಾಗಿದ್ದಾರೆ ಎಂದು ಅವರಿಗೆ ಗೊತ್ತಿತ್ತು.

ಬರುಬರುತ್ತ ಖಾರ ಇಲ್ಲದವರೂ ಬರತೊಡಗಿದರು. ಗಂಟಲು ಕಟ್ಟಿದ ಮಾಸ್ತರರು, ಕೆಮ್ಮುವ ಮಕ್ಕಳನ್ನು ಸೊಂಟಕ್ಕೇರಿಸಿಕೊಂಡ ತಾಯಂದಿರು. ಗೊಲ್ಲಾಳಮ್ಮನಿಗೆ ಓದು ಬರಹ ಇಲ್ಲ, ಲೆಕ್ಕ ಮಾತ್ರ ಪಕ್ಕಾ. ದೊಡ್ಡವರಿಗೆ ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಚಮಚ. ಮಕ್ಕಳಿಗೆ ಮಲಗುವ ಮುಂಚೆ ಬೆರಳಿಗೆ ಹತ್ತಿದಷ್ಟು. ವರ್ಷ ತುಂಬದ ಕೂಸಿಗೆ ಸುತಾರಾಂ ಇಲ್ಲ, ಅಜ್ಜಿಯರು ಎಷ್ಟು ಜಗಳಾಡಿದರೂ ಇಲ್ಲ. ಕೊನೆಗೆ ಎಲ್ಲರಿಗೂ ಒಂದೇ ಮಾತು: "ಎರಡು ವಾರಕ್ಕ ಹೋಗಲಾರದ ಕೆಮ್ಮಿಗೆ ನನ್ನ ಬಾಟ್ಲಿ ಅಲ್ಲ ನೋಡು, ದವಾಖಾನಿ. ಜೇನು ಗಂಟಲದಾಗ ಇಳೀತದ, ಎದಿಯಾಗ ಇಳಿಯಂಗಿಲ್ಲ."

ಜನ "ಹೂಂ" ಅನ್ನುತ್ತಿದ್ದರು. ಹೂಂ ಅಂದವರೆಲ್ಲ ಹೋಗಿದ್ದರೆ ದವಾಖಾನೆಯ ಬಾಗಿಲು ಯಾವಾಗಲೋ ಕಿತ್ತು ಬರುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ನಿಜವಾಗಿ ಹೋದವರು ಒಂದು ಕೈ ಬೆರಳಿನಷ್ಟು.

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಗೊಲ್ಲಾಳಮ್ಮನ ಕೆಮ್ಮು ಈ ಸಲ ಸಂಕ್ರಾಂತಿಯಿಂದ ಹಿಡಿದಿತ್ತು. ಊರ ಮಂದಿಯ ಕೆಮ್ಮಿಗೆ ದಿನ ಎಣಿಸಿದವಳು ತನ್ನದಕ್ಕೆ ಎಣಿಸಲಿಲ್ಲ. ಎಣಿಸುವುದಾದರೂ ಏನು, ಖಾರದ ಗಿರಣಿಯಲ್ಲಿ ನಿಂತವಳು ಕೆಮ್ಮದೆ ಹಾಡುತ್ತಾಳೆಯೇ? ರವಿಕೆ ಸಡಿಲಾದದ್ದು ಕೆಲಸಕ್ಕೆ, ಸಂಜೆಯ ಜ್ವರ ಬಿಸಿಲಿಗೆ ಎಂದುಕೊಂಡಳು. ಗಂಡ ಭೀಮರಾಯ, ಹತ್ತಿ ಚೀಲ ಹೊರುವ ಹಮಾಲಿ, ದವಾಖಾನೆಗೆ ಹೋಗು ಎಂದು ಒಂದೆರಡು ಸಲ ಹೇಳಿದ. ಇವಳು "ಸೀಜನ್ ಮುಗೀಲಿ" ಅಂದಳು. ಒಂದು ಬೆರಳು ಜೇನು ನೆಕ್ಕಿದರೆ ಗಂಟಲು ತಣ್ಣಗಾಗುತ್ತಿತ್ತು, ಮತ್ತೆ ಒಂದು ತಾಸು ನಿಲ್ಲಬಹುದಿತ್ತು.

ಆ ದಿನಗಳಲ್ಲಿ ಗಿರಣಿಯ ಹೊರಕೋಣೆಯಲ್ಲಿ ಇನ್ನೊಂದು ಜೀವ ಇರುತ್ತಿತ್ತು, ಮೂರು ವರ್ಷದ ದಾನೇಶ್ವರಿ. ಎಲ್ಲರ ಬಾಯಲ್ಲಿ ದಾನಿ. ಅವಳ ತಾಯಿ ರೇವತಿ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವವಳು. ರೊಟ್ಟಿಯ ಬುಟ್ಟಿ ಹೊತ್ತು ಬಿಸಿಲಲ್ಲಿ ತಿರುಗುವಾಗ ಮಗಳನ್ನು ಗೊಲ್ಲಾಳಮ್ಮನ ಹತ್ತಿರ ಬಿಟ್ಟು ಹೋಗುತ್ತಿದ್ದಳು. ಹತ್ತರಿಂದ ಹನ್ನೆರಡು, ದಿನಾ. ದಾನಿಗೆ ಮಾತು ಕಡಿಮೆ. ಒಳಗೆ ಗೊಲ್ಲಾಳಮ್ಮ ಕೆಮ್ಮಿದರೆ ಸಾಕು, ಇದು ಹೊರಗೆ ಚೀಲದ ಮೇಲೆ ಕೂತು ನಾಲಿಗೆ ಚಾಚುತ್ತಿತ್ತು. ಕೆಮ್ಮಿದವಳು ಬಾಟಲಿ ಹಿಡಿದು ಹೊರಗೆ ಬರುತ್ತಾಳೆ, ತನಗೊಂದು ಬೆರಳು ಸಿಗುತ್ತದೆ ಎಂದು ಆ ಕೂಸು ಲೆಕ್ಕ ಹಾಕಿಬಿಟ್ಟಿತ್ತು. ಗೊಲ್ಲಾಳಮ್ಮ ಅದನ್ನು ತೊಡೆಯ ಮೇಲೆ ಹಾಕಿಕೊಂಡು ನಗುತ್ತಿದ್ದಳು. ಹೆತ್ತ ಮಕ್ಕಳಿಲ್ಲದ ಅವಳಿಗೆ ದಿನದಲ್ಲಿ ಆ ಎರಡು ತಾಸೇ ಹಬ್ಬ.

ಯುಗಾದಿ ಅಮಾವಾಸ್ಯೆಗೆ ಮಷಿನು ತೊಳೆದು, ವಿಭೂತಿ ಹಚ್ಚಿ, ಕಾಯಿ ಒಡೆದು ಬಂದ್ ಇಡುವುದು ರೂಢಿ. ಅಂದು ಗೊಲ್ಲಾಳಮ್ಮ ಬೆಳಿಗ್ಗೆಯಿಂದ ನೀರು ಹಾಕಿ ನೆಲ ತೊಳೆದಳು. ಒಂದು ಚಿಟಿಕೆ ಖಾರವೂ ಗಾಳಿಯಲ್ಲಿರಲಿಲ್ಲ. ಪಕ್ಕದ ಹಿಟ್ಟಿನ ಗಿರಣಿ ನಡೆಸುವ ಉಮೆಸಲ್ಮಾ, ಇವಳ ಹತ್ತು ವರ್ಷದ ಗೆಳತಿ, ಬಾಗಿಲಿಗೆ ಒರಗಿ ಅವಳ ಕೆಮ್ಮು ಕೇಳುತ್ತ ನಿಂತಳು.

"ಅಕ್ಕಾ, ಇವತ್ತ ಮಷಿನ್ ಬಂದ್ ಅದ."

"ಹೌದವಾ. ಅಮಾಸಿ ಅಲ್ಲ?"

"ಮತ್ತ ನೀ ಯಾಕ ಬಂದ್ ಆಗಿಲ್ಲ?"

ಗೊಲ್ಲಾಳಮ್ಮ ಉತ್ತರ ಕೊಡಲು ಬಾಯಿ ತೆರೆದಳು, ಕೆಮ್ಮು ಬಂತು. ನಿಲ್ಲದ ಕೆಮ್ಮು. ಸೆರಗಿನಲ್ಲಿ ಕೆಂಪು ಕಂಡಿತು. ಅದು ಖಾರದ ಕೆಂಪು ಅಲ್ಲ ಎಂದು ಇಬ್ಬರಿಗೂ ಗೊತ್ತಾಯಿತು.

ಮರುದಿನ ಹಬ್ಬ. ಅದರ ಮರುದಿನ ಉಮೆಸಲ್ಮಾ ಕೈ ಹಿಡಿದು ಎಳೆದುಕೊಂಡೇ ದವಾಖಾನೆಗೆ ಹೋದಳು. ಸಣ್ಣ ಡಬ್ಬಿಯಲ್ಲಿ ಕಫ ಕೊಟ್ಟದ್ದಾಯಿತು, ಎದೆಯ ಫೋಟೋ ಆಯಿತು. ಎರಡು ದಿನ ಬಿಟ್ಟು ಡಾಕ್ಟರಮ್ಮ ಕೂಡಿಸಿಕೊಂಡು ಹೇಳಿದಳು. ಟಿಬಿ. ಆರು ತಿಂಗಳು ಗುಳಿಗೆ, ಒಂದು ದಿನವೂ ತಪ್ಪಿಸಬಾರದು, ವಾಸಿಯಾಗುತ್ತದೆ. ಗೊಲ್ಲಾಳಮ್ಮ ಕೇಳಿದ್ದು ಒಂದೇ:

"ನಾ ನೂರಾರು ಮಂದಿಗಿ ಈ ಬೆರಳಲೆ ಜೇನು ಹಚ್ಚೀನ್ರಿ."

"ಜೇನಿನಿಂದ ಬರಂಗಿಲ್ಲಮ್ಮ. ನೀವು ಕೆಮ್ಮಿದ ಗಾಳಿಯಿಂದ ಬರ್ತದ. ದಿನಾ ತಾಸುಗಟ್ಟಲೆ ನಿಮ್ಮ ಹತ್ರ ಇರೋರು ಯಾರ್ಯಾರು, ಹೇಳ್ರಿ. ಅವರನ್ನೂ ನೋಡಬೇಕು."

ಗೊಲ್ಲಾಳಮ್ಮ ಭೀಮರಾಯನ ಹೆಸರು ಹೇಳಿದಳು. ಉಮೆಸಲ್ಮಾಳ ಹೆಸರು ಹೇಳಿದಳು. ಮೂರನೆಯ ಹೆಸರು ನಾಲಿಗೆಯ ಮೇಲೆ ಬಂದು ಅಲ್ಲೇ ಕೂತಿತು. ಹೇಳಿದರೆ ನರ್ಸಬಾಯಿ ರೇವತಿಯ ಮನೆಗೆ ಹೋಗುತ್ತಾಳೆ, ಹೋದರೆ ರೇವತಿಗೆ ಗೊತ್ತಾಗುತ್ತದೆ, ರೇವತಿಗೆ ಗೊತ್ತಾದದ್ದು ಬಜಾರಿಗೆ. ನುಂಗಿಕೊಂಡಳು. ಕೂಸು ಗಟ್ಟಿ ಅದ, ಅದಕ್ಕೇನಾಗತದ ಎಂದು ತನಗೆ ತಾನೇ ಹೇಳಿಕೊಂಡಳು. ಅಂಥ ಮಾತನ್ನು ಬೇರೆಯವರು ಹೇಳಿದ್ದರೆ ಅವಳೇ ಬೈಯುತ್ತಿದ್ದಳು.

ರೋಗದ ಸುದ್ದಿ ಹೇಳಲು ಹೋದಾಗ ಸಾವ್ಕಾರರು ತಮಗೆ ತೋಚಿದ ಬುದ್ಧಿ ಹೇಳಿದರು. ಕೆಟ್ಟ ಮನುಷ್ಯ ಅಲ್ಲ, ಹೆದರಿದ ಮನುಷ್ಯ.

"ಯಾರ ಮುಂದೂ ಬಾಯಿ ಬಿಡಬ್ಯಾಡ ಗೊಲ್ಲಾಳಮ್ಮ. ತಂಗಿ ಊರಿಗಿ ಹೋಗ್ಯಾಳ ಅಂತ ನಾ ಹೇಳ್ತೀನಿ. ಒಂದು ತಿಂಗಳು ಬಿಟ್ಟು ಬಾ, ನಿನ್ನ ಜಾಗ ನಿನಗ ಇರ್ತದ. ಮಂದಿ ಬಾಯಾಗ ಹಾಕ್ಕೊಳ್ಳೋ ವಸ್ತು ನಮ್ಮದು. ಒಮ್ಮಿ ಹೇಸಿದ್ರಂದ್ರ ತಿರುಗಿ ಬರಂಗಿಲ್ಲ."

"ಹೂಂ ರೀ" ಅಂದಳು. ಅವಳಿಗೂ ಅದೇ ಬೇಕಾಗಿತ್ತು. ಈ ವಯಸ್ಸಿನಲ್ಲಿ ಹೊಸದಾಗಿ ಏನನ್ನೂ ಗಳಿಸುವ ಶಕ್ತಿ ಅವಳಿಗಿರಲಿಲ್ಲ, ಇದ್ದ ಹೆಸರು ಉಳಿದರೆ ಸಾಕಾಗಿತ್ತು.

ಬುತ್ತಿ ಡಬ್ಬಿ, ಹಳೆ ಸೀರೆ, ಜೇನಿನ ಬಾಟಲಿ ಎತ್ತಿಕೊಳ್ಳಲು ಗಿರಣಿಗೆ ಬಂದಳು. ಬಾಗಿಲಲ್ಲಿ ಇಬ್ಬರು ಹೆಂಗಸರು ಚೀಲ ಹಿಡಿದು ಕೂತಿದ್ದರು. ಅವರ ಹಿಂದೆಯೇ ರೇವತಿ ಬಂದಳು, ಕಂಕುಳಲ್ಲಿ ಮೆಣಸಿನಕಾಯಿಯ ಗಂಟು, ಸೊಂಟದ ಮೇಲೆ ದಾನಿ. ದಾನಿ ಕೆಮ್ಮುತ್ತಿತ್ತು.

"ಅಕ್ಕಾ, ಎಲ್ಲಿ ಹೋಗಿದ್ರಿ? ನಾಕು ದಿನ ಆತು ಗಿರಣಿ ಬಂದ್. ಇದಕ ಒಂದಿಷ್ಟು ಜೇನು ಹಚ್ಚರಿ, ರಾತ್ರೆಲ್ಲ ನಿದ್ದಿಲ್ಲ."

ಗೊಲ್ಲಾಳಮ್ಮ ಎರಡು ಹೆಜ್ಜೆ ಹಿಂದೆ ಸರಿದು ಸೆರಗನ್ನು ಬಾಯಿಗೆ ಬಿಗಿದುಕೊಂಡಳು. "ಕೆಮ್ಮು ಎಂದ ಹಿಡದದ?"

"ಹೋಳಿಹುಣ್ಣಿಮಿಗಿ ಹಿಡದದ್ದು."

ಬೆರಳು ಮಡಚಿ ಎಣಿಸಿದಳು. ಹತ್ತೊಂಬತ್ತು ದಿನ. ದಾನಿಯ ಕೊರಳ ಕೆಳಗಿನ ಎಲುಬು ಎದ್ದು ಕಾಣುತ್ತಿತ್ತು.

"ರೇವತಿ, ಇವತ್ತ ದವಾಖಾನಿಗಿ ಕರ್ಕೊಂಡು ಹೋಗು."

"ಹೂಂ, ಹೋಗ್ತೀನ್ರಿ. ಮೊದಲ ಇಷ್ಟು ಜೇನು ಹಚ್ಚರಿ."

ಆ ಹೂಂ ಗೊಲ್ಲಾಳಮ್ಮನಿಗೆ ಗೊತ್ತು. ಅದನ್ನು ಅವಳಷ್ಟು ಕೇಳಿದವರು ಶಹಾಪುರದಲ್ಲಿ ಇನ್ನೊಬ್ಬರಿಲ್ಲ. ಇವತ್ತು ರೊಟ್ಟಿ, ನಾಳೆ ಸಂತೆ, ನಾಡಿದ್ದು ಕೂಸು ತಾನೇ ನೆಟ್ಟಗಾದೀತು ಎನ್ನುವ ಹೂಂ. ಅದನ್ನು ಎಬ್ಬಿಸಿ ಓಡಿಸಬೇಕಾದರೆ ಹೆದರಿಕೆಯೇ ಬೇಕು, ಆ ಹೆದರಿಕೆ ಇರುವುದು ತನ್ನೊಬ್ಬಳ ಹತ್ತಿರ. ದಾನಿ ಅಷ್ಟರಲ್ಲಿ ರೂಢಿಯಂತೆ ನಾಲಿಗೆ ಚಾಚಿ ಕಾಯುತ್ತಿತ್ತು.

"ರೇವತಿ, ನನಗ ಟಿಬಿ ಆಗ್ಯಾದ."

"ಏನಂದ್ರಿ? ಅದು ಖಾರದ ಕೆಮ್ಮಲ್ಲ?"

"ಅಲ್ಲ. ನಾನೂ ಹಂಗ ತಿಳದಿದ್ದೆ. ಸಂಕ್ರಾಂತಿಲಿಂದ ಕೂಸು ದಿನಾ ನನ್ನ ತೊಡಿ ಮ್ಯಾಲ ಇತ್ತು. ಡಾಕ್ಟರು ಕೇಳಿದಾಗ ಇದರ ಹೆಸರು ಹೇಳಲಿಲ್ಲ ನಾ. ಹೆಸರು ಕೆಡ್ತದಂತ ಸುಮ್ಮನಿದ್ದೆ. ತಪ್ಪಾತು. ಈಗ ಹೋಗು, ಗೊಲ್ಲಾಳಮ್ಮನ ಹತ್ರ ಇತ್ತು ಅಂತ ಹೇಳು, ತಡಾ ಮಾಡಂಗಿಲ್ಲ ಅವರು."

ಚೀಲ ಹಿಡಿದು ಕೂತಿದ್ದ ಇಬ್ಬರೂ ಎದ್ದು ನಿಂತರು. ರೇವತಿ ಮಗಳ ಮುಖವನ್ನು ತನ್ನ ಕೊರಳಿಗೆ ಒತ್ತಿಕೊಂಡಳು.

"ಥೂ ನಿನ್ನ. ನಂಬಿ ಬಿಟ್ಟಿದ್ದೆನಲ್ಲ ನಾ" ಅಂದಳು. ಇಷ್ಟು ವರ್ಷ ರೀ ಹಚ್ಚಿ ಮಾತಾಡಿದವಳು.

ಮೆಣಸಿನಕಾಯಿಯ ಗಂಟನ್ನು ಅಲ್ಲೇ ಚೆಲ್ಲಿ ಓಣಿಯಲ್ಲಿ ಓಡಿದಳು. ಓಣಿ ಮುಗಿಯುವಲ್ಲಿ ಎಡಕ್ಕೆ ಹೋದರೆ ದವಾಖಾನೆ, ಬಲಕ್ಕೆ ಹೋದರೆ ಅವಳ ಮನೆ. ಗೊಲ್ಲಾಳಮ್ಮ ಬಾಗಿಲ ಚೌಕಟ್ಟು ಹಿಡಿದು ನೋಡುತ್ತ ನಿಂತಳು. ರೇವತಿ ಎಡಕ್ಕೆ ತಿರುಗಿದಳು. ಗೊಲ್ಲಾಳಮ್ಮ ದಾನಿ ಕೂಡುತ್ತಿದ್ದ ಚೀಲದ ಮೇಲೆ ಕೂತಳು. ಅಳು ಬರಲಿಲ್ಲ. ಕೂಸು ದವಾಖಾನೆ ಮುಟ್ಟುತ್ತದೆ, ಅಷ್ಟೇ ಸಾಕಾಗಿತ್ತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸಂಜೆಯೊಳಗೆ ಬಜಾರಿಗೆಲ್ಲ ಗೊತ್ತಾಯಿತು. ಕುಟ್ಟಿಸಿಕೊಂಡು ಹೋದ ಖಾರವನ್ನು ಕೆಲವರು ಚರಂಡಿಗೆ ಸುರಿದರು. ಹತ್ತು ದಿನ ಗಿರಾಕಿ ಇಲ್ಲದೆ ಕೂತ ಸಾವ್ಕಾರರು ಮಷಿನಿಗೆ ಹೊಸ ಬಣ್ಣ ಬಳಿಸಿ ಸುರಪುರದ ಕಡೆಯ ಒಬ್ಬನನ್ನು ತಂದು ನಿಲ್ಲಿಸಿದರು. ಭೀಮರಾಯನ ಪರೀಕ್ಷೆಯಲ್ಲಿ ಏನೂ ಇರಲಿಲ್ಲ, ಉಮೆಸಲ್ಮಾಳದರಲ್ಲೂ ಇಲ್ಲ. ದಾನಿಯದರಲ್ಲಿ ಇತ್ತು. "ಈಗಷ್ಟೇ ಶುರು ಅಂತ ಅಕ್ಕಾ, ಗುಳಗಿಗಿ ಹೋಗ್ತದಂತ. ಇನ್ನೊಂದೆರಡು ತಿಂಗಳು ಬಿಟ್ಟಿದ್ರ ಕಷ್ಟ ಇತ್ತಂತ" ಎಂದು ಉಮೆಸಲ್ಮಾ ಗೋಗಿಯವರೆಗೆ ಆಟೋದಲ್ಲಿ ಬಂದು ಹೇಳಿ ಹೋದಳು. ಆ ರಾತ್ರಿ ಗೊಲ್ಲಾಳಮ್ಮ ಉಣ್ಣಲಿಲ್ಲ. ತಾನೇ ಹಚ್ಚಿದ್ದು, ತಾನೇ ಬಿಡಿಸಿದ್ದು. ಯಾವುದನ್ನು ಮುಂದೆ ಇಟ್ಟುಕೊಂಡು ಮಲಗಬೇಕು ಎಂದು ತಿಳಿಯಲಿಲ್ಲ.

ತಿಂಗಳ ಗುಳಿಗೆಗೆ ದವಾಖಾನೆಗೆ ಹೋದ ದಿನ ಬಿಸಿಲು ಬೆಂಕಿಯಾಗಿತ್ತು. ಮುಖಕ್ಕೆ ಕಣ್ಣಷ್ಟೇ ಬಿಟ್ಟು ಬಟ್ಟೆ ಕಟ್ಟಿಕೊಂಡಿದ್ದಳು, ಮೈ ಇಳಿದು ಹೋಗಿತ್ತು. ವರಾಂಡದ ಆಚೆ ತುದಿಯ ಬೆಂಚಿನ ಮೇಲೆ ರೇವತಿ, ಪಕ್ಕದಲ್ಲಿ ದಾನಿ. ರೇವತಿ ಇವಳತ್ತ ನೋಡಿದಳು, ಗುರುತು ಹತ್ತಲಿಲ್ಲ. ಅದೇ ಒಳ್ಳೆಯದಾಯಿತು ಎಂದು ಗೊಲ್ಲಾಳಮ್ಮ ಗೋಡೆಯ ಕಡೆ ತಿರುಗಿ ನಿಂತಳು.

ಕೆಮ್ಮು ಎಷ್ಟೋ ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ತಡೆದಳು, ತಡೆದಳು, ಕೊನೆಗೆ ಬಟ್ಟೆಯೊಳಗೇ ಒಂದು ಸಲ ಕೆಮ್ಮಿದಳು.

ಆಚೆ ತುದಿಯಲ್ಲಿ ದಾನಿ ತಲೆ ಎತ್ತಿತು. ವರಾಂಡದಲ್ಲಿ ಕೆಮ್ಮುವವರು ಹತ್ತು ಮಂದಿ ಇದ್ದರು. ಅದು ಇವಳೊಬ್ಬಳ ಕಡೆಯೇ ನೋಡಿ ನಾಲಿಗೆ ಚಾಚಿತು.

ರೇವತಿ ಮಗಳು ನೋಡಿದ ಕಡೆ ನೋಡಿದಳು. ಈಗ ಗುರುತು ಹತ್ತಿತು. ಮಗಳ ಗದ್ದ ಹಿಡಿದು ಮೆಲ್ಲಗೆ ತನ್ನ ಕಡೆ ತಿರುಗಿಸಿಕೊಂಡಳು. ಗೊಲ್ಲಾಳಮ್ಮನ ಹೆಸರು ಕೂಗಿದರು, ಅವಳು ಒಳಗೆ ಹೋಗಿ ಗುಳಿಗೆ ಇಸಿದುಕೊಂಡಳು.