ಗುರುವಾರದ ಮುಯ್ಯಾಳು

ಮೊನ್ನೆ ಗುಂಡ್ಲುಪೇಟೆಯಲ್ಲಿ ಚಾಮರಾಜನಗರದ ಬಸ್ಸು ಹತ್ತಿ ಕೂತಿದ್ದೆ. ಪಕ್ಕದ ಸೀಟಿಗೆ ಬಂದ ಹೆಂಗಸಿನ ಮಂಕರಿ ತುಂಬ ಚೆಂಡುಹೂ. ಆ ಘಾಟು ಮೂಗಿಗೆ ಹೊಡೆದದ್ದೇ ತಡ, ಎದುರುಮನೆ ಅಕ್ಕ ನೆನಪಾದಳು. ಪ್ರೀತಿಯಿಂದೇನಲ್ಲ, ಮೊದಲು ಹೊಟ್ಟೆಯೇ ಉರಿಯಿತು. ಅವಳು ಸತ್ತರೂ ಈ ಉರಿ ಆರಿಲ್ಲ.

ಆಗ ನಾನು ಪಿಯುಸಿ. ಅವಳ ಗಂಡ ಟ್ರ್ಯಾಕ್ಟರ್ ಓಡಿಸುತ್ತಿದ್ದ, ಕುಡಿಯುತ್ತಿದ್ದ. ನಮ್ಮಪ್ಪ ಸರ್ಕಾರಿ ನೌಕರ, ಅವರೂ ಕುಡಿಯುತ್ತಿದ್ದರು. ಅವನು ರಸ್ತೆಯಲ್ಲಿ ಬೀಳುತ್ತಿದ್ದ, ಅಪ್ಪ ಮನೆಯೊಳಕ್ಕೆ ಬಂದು ಬೀಳುತ್ತಿದ್ದರು, ಅಷ್ಟೇ ವ್ಯತ್ಯಾಸ. ನಮ್ಮನೇಲಿ ಅದಕ್ಕೆ ‘ಹುಷಾರಿಲ್ಲ’ ಅಂತ ಹೆಸರು. ಆಶಾ ಕಾರ್ಯಕರ್ತೆ ಬಂದು, ಚಾಮರಾಜನಗರದಲ್ಲಿ ಸರ್ಕಾರದ ದುಡ್ಡಲ್ಲಿ ನಡೆಯೋ ಕೇಂದ್ರ ಇದೆ, ಕುಡಿಯೋರಿಗಷ್ಟೇ ಅಲ್ಲ, ಅವರ ಮನೆ ಹೆಂಗಸರಿಗೂ ಗುರುವಾರ ಒಂದು ರೂಮು ಕೊಡ್ತಾರೆ, ಕಷ್ಟ ಕೇಳೋಕೆ ಮೇಡಂ ಇರ್ತಾರೆ ಅಂದಳು. ಅವ್ವ ಬಾಗಿಲಲ್ಲೇ ನಿಂತು, “ನಮ್ಮನೇಲಿ ಅಂಥೋರು ಯಾರೂ ಇಲ್ಲ ಕಣವ್ವ” ಅಂದುಬಿಟ್ಟಳು. ಒಳಗೆ ಅಪ್ಪ ಗೊರಕೆ ಹೊಡೆಯುತ್ತಿದ್ದರು.

ಎದುರುಮನೆಯವಳು ಹೋದಳು. ಗುರುವಾರ ಬಂತು ಅಂದರೆ ತಲೆ ಬಾಚಿ, ಕನಕಾಂಬರ ಮುಡಿದು, ಮದುವೆಗೆ ಹೊರಟೋಳ ಥರ ಬಸ್ಸಿಗೆ ನಿಲ್ಲೋಳು. ಸಂಜೆ ಬಂದು ಜಗಲಿ ಮೇಲೆ ಕಾಲು ಚಾಚಿ ನಗೋಳು. ಗಂಡ ಕುಡಿಯೋದು ಬಿಟ್ಟನಾ? ಎಲ್ಲಿ ಬಿಟ್ಟ! ಆದರೂ ನಗೋಳು. ನನಗೆ ಮೈಯೆಲ್ಲ ಉರಿಯೋದು. ಎರಡೂ ಮನೇಲಿ ಅದೇ ಬಾಟಲಿ, ನಗು ಮಾತ್ರ ಯಾಕೆ ಅವಳ ಪಾಲಿಗೆ? ನಮ್ಮವ್ವ ಕಿಟಕಿ ಹಾಕಿಕೊಂಡು ಕೂತಿರೋಳು. ಪಕ್ಕ ಕೂತು “ಏನಾರ ಹೇಳವ್ವ” ಅಂದರೆ, “ಏನದೆ ಹೇಳಕ್ಕೆ, ಓದ್ಕೊ ಓಗು” ಅನ್ನೋಳು.

ನಮ್ಮ ಕಡೆ ಹೂ ಬಿಡಿಸೋಕೆ ಮುಯ್ಯಾಳು ಕರೆಯುತ್ತಾರೆ. ಇವತ್ತು ನಮ್ಮ ಹೊಲಕ್ಕೆ ನೀವು, ನಾಳೆ ನಿಮ್ಮ ಹೊಲಕ್ಕೆ ನಾವು, ಕೂಲಿ ಮಾತಿಲ್ಲ. ಕರೆದ ಮೇಲೆ ಬರಲ್ಲ ಅನ್ನೋ ಹಾಗಿಲ್ಲ, ಕಳಿಸಲ್ಲ ಅಂತ ಗಂಡಸರೂ ಅನ್ನೋ ಹಾಗಿಲ್ಲ. ಒಂದು ಗುರುವಾರ ಅವಳು ಬೀದಿಯಲ್ಲಿ ನಿಂತು, ಅಪ್ಪನಿಗೆ ಕೇಳೋ ಹಾಗೆ ಕೂಗಿದಳು: “ಅಕ್ಕಯ್ಯ, ಮುಯ್ಯಾಳಿಗೆ ಬಾ, ಹೂ ಬುಡ್ಸನ!” ಅವ್ವ ಬುತ್ತಿ ಕಟ್ಟಿಕೊಂಡು ಹೋದಳು.

ಸಂಜೆ ಬಡಿಸುವಾಗ ಅವ್ವನ ಬೆರಳು ನೋಡಿದೆ. ಚೆಂಡುಹೂ ಬಿಡಿಸಿದ ಬೆರಳಿಗೆ ಕಪ್ಪು ಕರೆ ಹಿಡಿದಿರುತ್ತೆ, ಸೋಪಿಗೂ ಹೋಗಲ್ಲ. ಅವ್ವನ ಬೆರಳು ಬೆಳ್ಳಗೆ ಶುಭ್ರವಾಗಿದ್ದವು. ಎಲ್ಲಿಗೆ ಹೋಗಿದ್ದಳು ಅಂತ ಹೊಳೆಯಿತು. ಖುಷಿಯಾಗಬೇಕಿತ್ತು, ಸಿಟ್ಟು ಬಂತು. ನಾನು ಅಷ್ಟು ಗೋಗರೆದರೂ ಬಾಯಿ ಬಿಡದವಳು, ಅವಳು ಬೀದಿಯಲ್ಲಿ ಒಂದು ಸುಳ್ಳು ಕೂಗಿದ್ದಕ್ಕೆ ಎದ್ದು ಹೋದಳಲ್ಲ!

ಆಮೇಲೆ ಕೇಂದ್ರಕ್ಕೆ ಸರ್ಕಾರದಿಂದ ಬರುತ್ತಿದ್ದ ದುಡ್ಡು ಕಡಿಮೆಯಾಯಿತು. ಕುಡಿಯೋರ ವಾರ್ಡು ಉಳಿಯಿತು, ಹೆಂಗಸರ ರೂಮಿಗೆ ಬೀಗ ಬಿತ್ತು. ಒಳಗೊಳಗೇ ಕುಣಿದಾಡಿದೆ. ಇನ್ನು ಅವ್ವ ನನ್ನ ಹತ್ತಿರವೇ ಬರಬೇಕು ತಾನೇ? ಎಲ್ಲಿ ಬಂದಳು! ಎದುರುಮನೆಯವಳು ಗುರುವಾರ ನಿಜವಾಗಲೂ ಮುಯ್ಯಾಳು ಕರೆಯೋಕೆ ಶುರು ಮಾಡಿದಳು. ಆ ರೂಮಿಗೆ ಹೋಗುತ್ತಿದ್ದ ಹೆಂಗಸರೆಲ್ಲ ಒಬ್ಬರ ಹೊಲದಲ್ಲಿ ಸೇರಿ, ಹೂ ಬಿಡಿಸುತ್ತ ಮಾತಾಡೋರು. ಅವ್ವನ ಬೆರಳು ಕಪ್ಪಾದವು. ಒಂದಿನ ನೀರು ಕೊಡೋ ನೆಪದಲ್ಲಿ ನಾನೂ ಹೋದೆ. ದೂರದಿಂದಲೇ ಅವ್ವ ನಗೋದು ಕೇಳಿಸಿತು. ನಾನು ಬದುವಿಗೆ ಕಾಲಿಟ್ಟದ್ದೇ ಎಲ್ಲರೂ ಗಪ್‌ಚಿಪ್. “ಬಾ ಕಣಮ್ಮಿ, ನೀನೂ ಬುಡ್ಸು” ಅಂತ ಅಕ್ಕ ಒಂದು ಸಾಲು ತೋರಿಸಿದಳು. ತಂಬಿಗೆ ಕುಕ್ಕಿ ವಾಪಸ್ ಬಂದೆ. ಆ ನಗು ಇನ್ನೂ ಕಿವಿಯಲ್ಲಿದೆ...

ಹೋದ ವರ್ಷ ಜ್ವರ ಅಂತ ಮಲಗಿದ ಅಕ್ಕ ಏಳಲೇ ಇಲ್ಲ. ಅವ್ವ ಅತ್ತದ್ದು ನೋಡಿ, ಸತ್ತವಳ ಮೇಲೂ ಹೊಟ್ಟೆಕಿಚ್ಚು ಪಟ್ಟೆ. ಕರೆಯೋರಿಲ್ಲದೆ ಗುರುವಾರದ ಮುಯ್ಯಾಳು ನಿಂತುಹೋಯಿತು. ಅವ್ವ ಮತ್ತೆ ಕಿಟಕಿ ಹಾಕಿಕೊಂಡಳು. ತಡೆಯಲಾರದೆ ಕೇಳಿಯೇಬಿಟ್ಟೆ, ಅವಳಿಗೆ ಹೇಳಿದ್ದನ್ನ ನಂಗ್ಯಾಕೆ ಹೇಳಲ್ಲವ್ವ ಅಂತ.

ಅವ್ವ ನನ್ನ ಕಡೆ ತಿರುಗಿದಳು. “ಅವ್ಳಿಗೆ ಹೇಳುದ್ರೆ ಅದು ನನ್ ಗಂಡನ್ ಸುದ್ದಿ. ನಿಂಗೆ ಹೇಳುದ್ರೆ ನಿಮ್ಮಪ್ಪನ್ ಸುದ್ದಿ ಆಗೋಯ್ತದೆ ಕಣಮ್ಮಿ. ಆಮ್ಯಾಕೆ ನಿಂಗೆ ಅಪ್ಪ ಅಂತ ಯಾರಿರ್ತಾರೆ?”

ಚಾಮರಾಜನಗರ ಬಂತು. ಹೂವಿನ ಹೆಂಗಸು ಮಂಕರಿ ಎತ್ತಿಕೊಂಡು ಇಳಿದಳು. ನಾನು ಹೋದದ್ದು ಜಿಲ್ಲಾ ಕಚೇರಿಗೆ, ಆ ರೂಮಿನ ಬೀಗ ತೆಗೆಸಿ, ಮೇಡಮ್ಮನ್ನ ಮತ್ತೆ ಹಾಕಿ ಅಂತ ಕೇಳೋಕೆ. ಸಾಹೇಬರು ತಲೆ ಎತ್ತಿ, “ಯಾರಿಗಮ್ಮ ಬೇಕಾಗಿತ್ತು?” ಅಂದರು.

“ನಮ್ಮವ್ವನಿಗೆ ಸಾರ್. ನಮ್ಮಪ್ಪ ಕುಡೀತಾರೆ.”

ನನ್ನ ಬಾಯಿಂದ ಯಾವತ್ತೂ ಹೊರಗೆ ಬಾರದ ಮಾತು ಅದು. ನೋಡೋಣ ಅಂದರು ಸಾಹೇಬರು. ರೂಮು ತೆರೆದರೂ, ಬೀದಿಯಲ್ಲಿ ನಿಂತು ಅವ್ವನನ್ನ ಕೂಗೋಕೆ ಅವಳಿಲ್ಲ. ನಾನೇ ಕೂಗಬೇಕು, ಕೂಗ್ತೀನಿ. ಬಸ್ಸು ಹತ್ತಿಸಿಕೊಂಡು ಹೋಗಿ ಬಾಗಿಲ ತನಕ ಬಿಡ್ತೀನಿ. ಒಳಗೆ ಅವ್ವನ ಪಕ್ಕ ಕೂರೋ ಭಾಗ್ಯ ಅವಳದಾಗಿತ್ತು, ನಂದಲ್ಲ. ನಾನು ಆಚೆ ಬೆಂಚಿನ ಮೇಲೆ ಕಾಯ್ತೀನಿ.