ಕುರ್ಚಿ ಬಿಟ್ಟು ಏಳಲಿಲ್ಲ

ಲಾಕ್‌ಡೌನ್ ಕಾಲದಲ್ಲಿ ಚಿಕ್ಕಬಳ್ಳಾಪುರದ ನಮ್ಮ ತಂಡ ಫೋನಿನಲ್ಲೇ ಲೈವ್ ನಾಟಕ ಆಡುತ್ತಿತ್ತು. ನೋಡುವವರು ಕಾಮೆಂಟಿನಲ್ಲಿ ಹೇಳಿದಂತೆ ಕತೆ ಸಾಗಬೇಕು, ಅದೇ ನಿಯಮ. ಗಂಡನ ಏಟು ತಾಳಲಾರದೆ ತವರಿಗೆ ಬಂದವಳ ಪಾತ್ರ ನನ್ನದು. ನಮ್ಮ ಅಡುಗೆಮನೆಯ ಪ್ಲಾಸ್ಟಿಕ್ ಕುರ್ಚಿಯೇ ತವರುಮನೆ.

‘ಮುಂದೇನು ಮಾಡ್ಲಿ, ಹೇಳಿ’ ಎಂದು ಕೇಳಿದೆ. ಕಾಮೆಂಟುಗಳು ಸುರಿದವು. ‘ಗಂಡನ ಮನೆಗೆ ವಾಪಸ್ ಹೋಗಮ್ಮ, ಸಂಸಾರ ಅಂದ್ರೆ ಹಂಗೇನೆ.’ ಚಿಂತಾಮಣಿ ಕಡೆಯವರು ಅದನ್ನೇ ತೆಲುಗಿನಲ್ಲಿ, ‘ಅತ್ತಿಂಟಿಕಿ ಪೋಮ್ಮಾ’ ಎಂದರು. ಜೊತೆಗೆ ಕೈಮುಗಿದ ಚಿತ್ರ ಬೇರೆ! ನನಗೆ ಮೈಯೆಲ್ಲ ಉರಿಯಿತು. ‘ಎದ್ದು ಹೊರಡಿ’ ಎಂದು ನಿರ್ದೇಶಕರ ಮೆಸೇಜು ಬಂತು. ನಾಟಕ ಕೆಟ್ಟರೂ ಸರಿ, ಏಳುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ.

‘ಹೋಗು ಅನ್ನೋರು ಲೈವ್‌ಗೆ ಬನ್ನಿ. ನನ್ನ ಮುಖ ನೋಡ್ಕೊಂಡು ಹೇಳಿ’ ಎಂದೆ.

ಬರೆದವರಲ್ಲಿ ಒಬ್ಬರೂ ಬರಲಿಲ್ಲ. ಕುರ್ಚಿಯ ಕೈ ಹಿಡಿದು ಕಾದೆ.

ಕೊನೆಗೆ ಜಂಗಮಕೋಟೆಯ ಹೆಂಗಸೊಬ್ಬರು ಪರದೆಯ ಮೇಲೆ ಕಾಣಿಸಿಕೊಂಡರು. ಅದುವರೆಗೆ ಒಂದು ಕಾಮೆಂಟೂ ಹಾಕಿದವರಲ್ಲ. ಫೋನನ್ನು ಯಾವುದಕ್ಕೋ ಒರಗಿಸಿ, ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಿದ್ದರು. ಕೈ ನಿಲ್ಲಿಸದೆಯೇ ಹೇಳಿದರು:

‘ನಂಗೂ ಎಲ್ರೂ ಹಿಂಗೇ ಹೇಳಿದ್ರು. ಎದ್ದು ಹೋದೆ. ನೀನು ಏಳ್ಬೇಡ ಕಣಮ್ಮ.’